ದೇವರ ಮಂಟಪದ ಬಾಗಿಲು ಮತ್ತು ಐದು ದಿನವಾದರೂ ಗಟ್ಟಿಯಾಗದ ರೆಸಿನ್

ಪ್ರಶ್ನೆ: ನಾನು ರಾಣೆಬೆನ್ನೂರಿನವಳು. ಎರಡು ವರ್ಷಗಳಿಂದ ಮನೆಯಲ್ಲಿಯೇ ಚಿಕ್ಕದೊಂದು ಸ್ಕ್ರೋಲ್ ಸಾ (ತೆಳು ಗರಗಸದಿಂದ ಬಳುಕು ಗೆರೆಗಳನ್ನು ಕೊಯ್ಯುವ) ಯಂತ್ರ ಇಟ್ಟುಕೊಂಡು ಮರದ ಕುಸುರಿ ಕೆಲಸ ಕಲಿಯುತ್ತಿದ್ದೇನೆ. ಧಾರವಾಡದಲ್ಲಿರುವ ಮಗಳ ಹೊಸ ಮನೆಯ ದೇವರ ಮಂಟಪಕ್ಕೆಂದು ಸಾಗವಾನಿಯ ಎರಡು ಬಾಗಿಲು ಮಾಡಿದೆ. ಒಂದೊಂದೂ 300 ಮಿ.ಮೀ. ಅಗಲ, 450 ಮಿ.ಮೀ. ಎತ್ತರ, 18 ಮಿ.ಮೀ. ದಪ್ಪದ ಒಂಟಿ ಹಲಗೆ. ಕಸೂತಿಯ ಗೋಪುರ ಮತ್ತು ತೇರಿನ ವಿನ್ಯಾಸವನ್ನು ಈ ಬದಿಯಿಂದ ಆ ಬದಿಗೆ ತೆರವಾಗುವಂತೆ ಕತ್ತರಿಸಿ, ಹಿಂದೆ ಟೇಪ್ ಅಂಟಿಸಿ, ಕೆಂಪು ಮತ್ತು ಹಸಿರು ಎಪಾಕ್ಸಿ ರೆಸಿನ್ (ಎರಡು ದ್ರವ ಬೆರೆಸಿದಾಗ ಗಟ್ಟಿಯಾಗುವ ವಸ್ತು) ತುಂಬಿದೆ. ಕೆಂಪಿಗೆ ಕುಂಕುಮ, ಹಸಿರಿಗೆ ಮೊಮ್ಮಗನ ಅಕ್ರಿಲಿಕ್ ಬಣ್ಣ ಬೆರೆಸಿದ್ದೆ. ಡಬ್ಬಿಯ ಮೇಲೆ ತೂಕದಲ್ಲಿ ರೆಸಿನ್ 100ಕ್ಕೆ ಹಾರ್ಡನರ್ (ಅದನ್ನು ಗಟ್ಟಿ ಮಾಡುವ ಎರಡನೆಯ ದ್ರವ) 50 ಎಂದಿತ್ತು. ಔಷಧದ ಅಳತೆ ಮುಚ್ಚಳದಲ್ಲಿ ಎರಡಕ್ಕೆ ಒಂದರಂತೆ ಕಲಸಿ, ಜುಲೈ ಮೊದಲ ವಾರದಲ್ಲಿ ಒಂದು ದಿನ ಬೆಳಗಿನ ಪೂಜೆ ಮುಗಿಸಿ ಸುರಿದೆ. ಐದು ದಿನವಾಯಿತು. ಇನ್ನೂ ಬೆರಳಿಗೆ ಅಂಟುತ್ತಿದೆ, ಮೈತುಂಬ ಗುಳ್ಳೆ, ಕೆಂಪು ಬಣ್ಣ ಮರದೊಳಕ್ಕೆ ಗೆರೆಗೆರೆಯಾಗಿ ಹರಿದಿದೆ. ಅಂಗಡಿಯವರು ಮುಂದಿನ ಸಲ ಹಾರ್ಡನರ್ ಸ್ವಲ್ಪ ಹೆಚ್ಚಿಗೆ ಹಾಕಿ ಎಂದರು. ಗ್ಯಾಸ್ ಜ್ವಾಲೆ ಹಾಯಿಸಿ ಎಂದು ಇನ್ನೊಬ್ಬರು, ಮಳೆಗಾಲದಲ್ಲಿ ರೆಸಿನ್ ಒಣಗುವುದೇ ಇಲ್ಲ ಎಂದು ಮತ್ತೊಬ್ಬರು. ಇದು ವಿಷ, ದೇವರ ಮನೆಗೆ ತರಬೇಡ ಎನ್ನುತ್ತಾಳೆ ತಂಗಿ. ಕೆಂಪಿಗೆ ನಮ್ಮ ಬ್ಯಾಡಗಿ ಮೆಣಸಿನಕಾಯಿಯ ಬಣ್ಣವನ್ನೇ ಬಳಸಬೇಕೆಂಬ ಆಸೆಯೂ ಇದೆ. ಈ ಬಾಗಿಲುಗಳನ್ನು ಉಳಿಸಿಕೊಳ್ಳಬಹುದೇ? ದೀಪಾವಳಿ ಕಳೆದ ಮೇಲೆ ಗೃಹಪ್ರವೇಶ.

ಉತ್ತರ: ಬಾಗಿಲುಗಳು ಉಳಿಯುತ್ತವೆ. ಅವುಗಳಲ್ಲಿ ಈಗಿರುವ ರೆಸಿನ್ ಬಹುಶಃ ಉಳಿಯುವುದಿಲ್ಲ. ಈ ಎರಡನ್ನೂ ಮೊದಲೇ ಹೇಳಿಬಿಡುತ್ತೇನೆ, ಏಕೆಂದರೆ ನಿಮ್ಮ ಪತ್ರ ಓದುವಾಗ ಕಂಡದ್ದು ರೆಸಿನ್ ಕೆಟ್ಟದ್ದಕ್ಕಿಂತ ಹೆಚ್ಚಾಗಿ, ಗೋಪುರದ ಒಂದೊಂದು ಮೆಟ್ಟಿಲನ್ನೂ ಗರಗಸದಿಂದ ಬಿಡಿಸಿದ ಅಷ್ಟು ದಿನಗಳ ಕೆಲಸ ವ್ಯರ್ಥವಾಯಿತೇ ಎಂಬ ಸಂಕಟ. ಕೊಯ್ತಕ್ಕೆ ಏನೂ ಆಗಿಲ್ಲ. ಸಾಗವಾನಿ ಸುಲಭವಾಗಿ ಹಾಳಾಗುವ ಮರವಲ್ಲ. ಗೃಹಪ್ರವೇಶಕ್ಕೆ ಮೂರು ತಿಂಗಳಿಗಿಂತ ಹೆಚ್ಚು ಸಮಯವೂ ಇದೆ.

ಧಾರವಾಡದ ನನ್ನ ಕಾರ್ಖಾನೆಗೆ ರೆಸಿನ್ ಕೆಟ್ಟ ಕೆಲಸಗಳನ್ನು ಹೊತ್ತು ತರುವವರು ಎಲ್ಲರೂ ಸುರಿದ ನಂತರದ ಮಾತು ಆಡುತ್ತಾರೆ: ಒಣಗಲಿಲ್ಲ, ಗುಳ್ಳೆ ಬಂತು, ಬಣ್ಣ ಕದಡಿತು. ನಾನು ಕೇಳುವುದು ಸುರಿಯುವ ಮೊದಲಿನ ಸಂಗತಿ. ಹೇಗೆ ಅಳೆದಿರಿ, ಮರ ಎಷ್ಟು ಒಣಗಿತ್ತು, ಕೊಯ್ದ ಅಂಚಿಗೆ ಏನು ಹಚ್ಚಿದಿರಿ, ಯಾವ ಹೊತ್ತಿನಲ್ಲಿ ಸುರಿದಿರಿ? ಇವುಗಳಲ್ಲಿ ಅಳತೆಯನ್ನೂ ಹೊತ್ತನ್ನೂ ನೀವು ಪತ್ರದಲ್ಲಿಯೇ ಬರೆದಿದ್ದೀರಿ, ಅದರಿಂದ ನನ್ನ ಕೆಲಸ ಹಗುರವಾಯಿತು.

ಅಂಟಿನಿಂದ ಆರಂಭಿಸೋಣ. ನಿಮ್ಮ ಡಬ್ಬಿ ಕೇಳಿದ್ದು ತೂಕದ ಲೆಕ್ಕ, ನೀವು ಕೊಟ್ಟದ್ದು ಗಾತ್ರದ ಅಳತೆಯ ಲೆಕ್ಕ. ಎರಡೂ ಒಂದೇ ಎಂದು ತೋರುವುದು ಸಹಜ. ಆದರೆ ಎಪಾಕ್ಸಿ ರೆಸಿನ್ ನೀರಿಗಿಂತ ಭಾರ. ಒಂದು ಮಿ.ಲೀ. ರೆಸಿನ್ ಸಾಮಾನ್ಯವಾಗಿ 1.1ರಿಂದ 1.15 ಗ್ರಾಂ ತೂಗುತ್ತದೆ. ಹಾರ್ಡನರ್ ಹೆಚ್ಚುಕಡಿಮೆ ನೀರಿನಷ್ಟೇ, ಕೆಲವು ಅದಕ್ಕಿಂತ ಸ್ವಲ್ಪ ಹಗುರ. ಹೀಗಾಗಿ ನೀವು ಮುಚ್ಚಳದಲ್ಲಿ ಎರಡಕ್ಕೆ ಒಂದು ಅಳೆದಾಗ ತೂಕದಲ್ಲಿ ಬಿದ್ದದ್ದು 100ಕ್ಕೆ 50 ಅಲ್ಲ, 43 ಅಥವಾ 44ರ ಆಸುಪಾಸು. ಬೇಕಾದ ಹಾರ್ಡನರ್‌ನಲ್ಲಿ ಎಂಟರಲ್ಲೊಂದು ಪಾಲು ಕಡಿಮೆ. ಔಷಧದ ಮುಚ್ಚಳದ ಗೋಡೆಗೆ ಅಂಟಿ ಉಳಿದದ್ದನ್ನೂ ಸೇರಿಸಿದರೆ ಲೆಕ್ಕ ಇನ್ನಷ್ಟು ತಪ್ಪಿರುತ್ತದೆ. ಅಡುಗೆಮನೆಯಲ್ಲಿ ಬಳಸುವ, ಒಂದು ಗ್ರಾಂವರೆಗೆ ತೋರಿಸುವ ಡಿಜಿಟಲ್ ತಕ್ಕಡಿ ಇದ್ದರೆ ಈ ತೊಂದರೆ ಬರುವುದಿಲ್ಲ. ಒಮ್ಮೆಗೆ 50 ಗ್ರಾಂಗಿಂತ ಕಡಿಮೆ ಕಲಸುವುದಾದರೆ 0.1 ಗ್ರಾಂ ತೋರಿಸುವ ಚಿಕ್ಕ ತಕ್ಕಡಿಯೇ ಬೇಕು. ಕೆಲವು ಕಂಪನಿಗಳು ತೂಕದ ಪ್ರಮಾಣ ಕೊಡುತ್ತವೆ, ಕೆಲವು ಅಳತೆಯದು, ಕೆಲವು ಎರಡನ್ನೂ ಬೇರೆಬೇರೆಯಾಗಿ ಬರೆಯುತ್ತವೆ. ಡಬ್ಬಿಯ ಮೇಲಿನ ಆ ಒಂದು ಸಾಲನ್ನು ಪ್ರತಿ ಸಲವೂ ಓದಿ.

ಅಂಗಡಿಯವರ ಸಲಹೆಗೆ ಒಂದು ಮೂಲ ಇದೆ, ಆದರೆ ಅದು ಇಲ್ಲಿ ಸಲ್ಲುವುದಿಲ್ಲ. ಫೈಬರ್ ಕೆಲಸದವರು ಬಳಸುವುದು ಪಾಲಿಯೆಸ್ಟರ್ ರೆಸಿನ್. ಅದಕ್ಕೆ ಹಾಕುವ ಕೆಲವೇ ಹನಿ ದ್ರವ ಕ್ರಿಯೆಯನ್ನು ಎಬ್ಬಿಸುತ್ತದೆ. ಒಂದೆರಡು ಹನಿ ಹೆಚ್ಚಾದರೆ ಬೇಗ ಗಟ್ಟಿಯಾಗುತ್ತದೆ, ಕಡಿಮೆಯಾದರೆ ತಡವಾಗುತ್ತದೆ. ಎಪಾಕ್ಸಿಯಲ್ಲಿ ಹಾಗಲ್ಲ. ಇಲ್ಲಿ ಹಾರ್ಡನರ್‌ನ ಪ್ರತಿಯೊಂದು ಅಣುವೂ ರೆಸಿನ್ನಿನ ಅಣುವಿನೊಂದಿಗೆ ಸೇರಿ ಗಟ್ಟಿ ವಸ್ತುವಿನ ಭಾಗವೇ ಆಗುತ್ತದೆ. ಕಡಿಮೆಯಾದರೆ ರೆಸಿನ್ ಜೋಡಿಯಿಲ್ಲದೆ ಉಳಿಯುತ್ತದೆ, ಹೆಚ್ಚಾದರೆ ಹಾರ್ಡನರ್ ಉಳಿದು ಬೆವರಿನಂತೆ ಹೊರಗೆ ಬರುತ್ತದೆ. ಎರಡರಲ್ಲೂ ಫಲ ಒಂದೇ, ಮೆತ್ತಗಿನ ಅಂಟು. ಎಪಾಕ್ಸಿ ನೀರು ಆರಿದಂತೆ ಒಣಗುವ ವಸ್ತುವಲ್ಲ. ಆದ್ದರಿಂದ ಇನ್ನೂ ಒಂದು ವಾರ ಫ್ಯಾನಿನ ಕೆಳಗೆ ಇಟ್ಟರೆ ಆಗುತ್ತದೆ ಎಂದು ಕಾಯುವುದರಲ್ಲಿ ಅರ್ಥವಿಲ್ಲ.

ಆದರೂ ಕೀಳುವ ಮೊದಲು ಒಂದು ಪರೀಕ್ಷೆ ಮಾಡಿ. ಅಂಟುವುದರಲ್ಲಿ ಮೂರು ಬಗೆ ಇವೆ. ಕೈಗವಸು ಹಾಕಿಕೊಂಡು ಟೂತ್‌ಪಿಕ್‌ನ ತುದಿಯನ್ನು ರೆಸಿನ್ನಿಗೆ ಒತ್ತಿ ನೋಡಿ. ಮೇಲೆ ಜಿಡ್ಡಿನಂಥ ಪದರ ಇದ್ದು ಕೆಳಗೆ ಕಲ್ಲಿನಂತೆ ಗಟ್ಟಿಯಾಗಿದ್ದರೆ ಅದು ಮಳೆಗಾಲದ ಕೊಡುಗೆ. ಹಾರ್ಡನರ್ ಗಾಳಿಯ ತೇವ ಮತ್ತು ಇಂಗಾಲದ ಡೈಆಕ್ಸೈಡಿನೊಂದಿಗೆ ಸೇರಿ ಮೇಣದಂಥ ಪೊರೆ ಕಟ್ಟಿರುತ್ತದೆ. ಉಗುರುಬೆಚ್ಚಗಿನ ನೀರು, ಒಂದು ಹನಿ ಪಾತ್ರೆ ಸೋಪು, ಒರಟು ಸ್ಪಂಜು, ಇಷ್ಟರಲ್ಲಿ ಅದು ಹೋಗುತ್ತದೆ. ತೊಳೆಯದೆ ಉಜ್ಜುಕಾಗದ ಹಿಡಿದರೆ ಕಾಗದ ಕೊಳೆಯಾಗಿ ಜಿಡ್ಡು ಎಲ್ಲೆಡೆ ಹರಡುತ್ತದೆ. ಅಲ್ಲಲ್ಲಿ ಮಾತ್ರ ಅಂಟು, ಉಳಿದೆಡೆ ಗಟ್ಟಿ ಎಂದಾದರೆ ಕಲಸಿದ್ದು ಸಾಲದು. ಲೋಟದ ತಳ ಮತ್ತು ಗೋಡೆಯನ್ನು ಕೆರೆದು ಸೇರಿಸಿರಲಿಲ್ಲ ಎಂದರ್ಥ. ಆ ಜಾಗಗಳನ್ನು ಮಾತ್ರ ತೆಗೆದು ಮತ್ತೆ ತುಂಬಬಹುದು. ಟೂತ್‌ಪಿಕ್ ಎಲ್ಲೆಡೆ ಒಳಗೆ ಇಳಿದು ಗುರುತು ಉಳಿದರೆ ಪ್ರಮಾಣವೇ ತಪ್ಪಿದೆ. ಹಾಗಿದ್ದಾಗಲೂ ಬಾಗಿಲನ್ನು ಒಂದು ದಿನ 35ರಿಂದ 40 ಡಿಗ್ರಿ ಸೆಲ್ಸಿಯಸ್ ಬೆಚ್ಚಗಿನ ಜಾಗದಲ್ಲಿಟ್ಟು ನೋಡಿ, ದೊಡ್ಡ ರಟ್ಟಿನ ಪೆಟ್ಟಿಗೆಯೊಳಗೆ ಎಲ್ಲಕ್ಕೂ ದೂರವಾಗಿ ಒಂದು ಹಳೆಯ 60 ವ್ಯಾಟಿನ ಬಲ್ಬು ಹಾಕಿ, ಪಕ್ಕದಲ್ಲಿ ನೀವೇ ಇದ್ದು. ಚಳಿಗೆ ನಿಂತ ಕ್ರಿಯೆ ಕೆಲವೊಮ್ಮೆ ಮುಂದುವರಿಯುತ್ತದೆ. ಬೆಚ್ಚಗಾದ ಮೇಲೂ ಮೆತ್ತಗಿದ್ದರೆ ಅದರ ಮೇಲೆ ಹೊಸ ಪದರ ಸುರಿದು ಮುಚ್ಚುವ ಆಲೋಚನೆ ಬೇಡ. ಕೆಳಗಿನ ಅಂಟು ಕೆಳಗೇ ಇರುತ್ತದೆ. ಬೇಸಿಗೆಯಲ್ಲಿ ಮೇಲಿನ ಪದರ ಕದಲುತ್ತದೆ. ನಿಮ್ಮದು ಈ ಮೂರನೆಯ ಬಗೆ ಎಂದೇ ನನ್ನ ಊಹೆ, ಏಕೆಂದರೆ ಹಾರ್ಡನರ್ ಕೊರತೆಯ ಮೇಲೆ ಅಕ್ರಿಲಿಕ್ ಬಣ್ಣದ ನೀರೂ ಸೇರಿದೆ.

ಮಳೆಗಾಲದ ಮಾತು ಅರ್ಧ ಸತ್ಯ. ನಾನು ಜುಲೈನಲ್ಲಿಯೂ ಎಪಾಕ್ಸಿ ಕೆಲಸ ಮಾಡಿದ್ದೇನೆ, ಅದು ಗಟ್ಟಿಯಾಗುತ್ತದೆ. ತೊಂದರೆ ಮರದ್ದು. ಮಲೆನಾಡಿನ ಸೆರಗಿನಲ್ಲಿರುವ ಧಾರವಾಡದಲ್ಲಿ ಜಡಿಮಳೆ ಹಿಡಿದ ವಾರಗಳಲ್ಲಿ ಚೆನ್ನಾಗಿ ಒಣಗಿದ ಸಾಗವಾನಿ ಕೂಡ ಗಾಳಿಯಿಂದ ತೇವ ಹೀರಿಕೊಳ್ಳುತ್ತದೆ. ಬೇಸಿಗೆಯಲ್ಲಿ ತೇವಾಂಶ ಶೇಕಡ 9 ಅಥವಾ 10 ತೋರಿಸಿದ ಹಲಗೆ ಆಗಸ್ಟಿನಲ್ಲಿ 14 ದಾಟಿರುವುದನ್ನು ನನ್ನ ತೇವಮಾಪಕದಲ್ಲಿ ಕಂಡಿದ್ದೇನೆ. ಮಾಪಕ ಇಲ್ಲದಿದ್ದರೆ ಹಲಗೆಯನ್ನು ತಕ್ಕಡಿಯ ಮೇಲಿಟ್ಟು ದಿನವೂ ಒಂದೇ ಹೊತ್ತಿಗೆ ತೂಕ ಬರೆದಿಡಿ. ನಾಲ್ಕೈದು ದಿನ ತೂಕ ಬದಲಾಗದಿದ್ದರೆ ಮರ ಆ ಕೋಣೆಯ ಗಾಳಿಗೆ ಹೊಂದಿಕೊಂಡಿದೆ ಎಂದರ್ಥ.

ಇದೇಕೆ ಮುಖ್ಯವೆಂದರೆ ಸಾಗವಾನಿ ಕೂಡ ತೇವದ ಏರಿಳಿತಕ್ಕೆ ಹಿಗ್ಗಿ ಕುಗ್ಗಿ ಅಲುಗುತ್ತದೆ. ಬೇರೆ ಮರಗಳಿಗಿಂತ ಕಡಿಮೆ, ಆದರೆ ಅಲುಗುತ್ತದೆ. ಎಳೆಗೆ ಅಡ್ಡವಾಗಿ, ಶೇಕಡ ಒಂದರಷ್ಟು ತೇವಾಂಶ ಏರಿಳಿದರೆ ಅಗಲದಲ್ಲಿ ಸುಮಾರು ಶೇಕಡ 0.2ರಷ್ಟು ವ್ಯತ್ಯಾಸ. ನಿಮ್ಮ 300 ಮಿ.ಮೀ. ಹಲಗೆಯಲ್ಲಿ ನಾಲ್ಕು ಅಂಶ ಏರಿದರೆ ಎರಡು ಮಿ.ಮೀ.ಗೂ ಹೆಚ್ಚು. ರೆಸಿನ್ ಮಾತ್ರ ತೇವಕ್ಕೆ ಹಿಗ್ಗುವುದಿಲ್ಲ. ಮರ ಉಬ್ಬಿರುವ ಜುಲೈನಲ್ಲಿ ತುಂಬಿದರೆ ಮಾರ್ಚಿನಲ್ಲಿ ಮರ ಕುಗ್ಗಲು ಹೋಗಿ ನಡುವೆ ರೆಸಿನ್ ಅಡ್ಡ ನಿಲ್ಲುತ್ತದೆ, ಗೋಪುರದ ಮೂಲೆಗಳಲ್ಲಿ ಮರ ಸೀಳುತ್ತದೆ. ಮರ ಒಣಗಿ ಕುಗ್ಗಿದ ಏಪ್ರಿಲ್‌ನಲ್ಲಿ ತುಂಬಿದರೆ ಮಳೆಗಾಲದಲ್ಲಿ ಅಂಚು ಬಿಟ್ಟುಕೊಳ್ಳುತ್ತದೆ. ನಡುವಿನ ಕಾಲ ಒಳ್ಳೆಯದು. ಸೆಪ್ಟೆಂಬರ್ ಕೊನೆಯಿಂದ ಅಕ್ಟೋಬರ್ ಮಧ್ಯದವರೆಗೆ ಕೋಣೆಯೊಳಗೆ ಹಲಗೆ 11 ಅಥವಾ 12ಕ್ಕೆ ನಿಂತಾಗ ನೀವು ತುಂಬಿದರೆ ಎರಡೂ ಕಡೆಯ ಎಳೆತ ಅರ್ಧವಾಗುತ್ತದೆ. ಕಸೂತಿಯ ವಿನ್ಯಾಸ ಚಿಕ್ಕಚಿಕ್ಕ ಮನೆಗಳಾಗಿ ಒಡೆದಿರುವುದು ಇಲ್ಲಿ ನಿಮಗೆ ವರ. ಎಳೆಗೆ ಅಡ್ಡವಾಗಿ 25 ಮಿ.ಮೀ.ಗಿಂತ ಅಗಲದ ಒಂದೇ ಖಾನೆ ಇದ್ದರೆ ಅದನ್ನು ತುಂಬದೆ ಬಿಡಿ. ಎರಡು ಬಾಗಿಲುಗಳ ನಡುವೆ ಮೂರ್ನಾಲ್ಕು ಮಿ.ಮೀ. ಸಂದು ಇಡಲು ನಿಮ್ಮ ಬಡಿಗೇರರಿಗೆ ಹೇಳಿ. ಅವರು ಹೇಗೂ ಇಡುತ್ತಾರೆ.

ಇನ್ನು ಗುಳ್ಳೆ. ಕಲಸುವಾಗ ಸೇರಿದ ಗಾಳಿಯ ಗುಳ್ಳೆಗಳು ಸ್ವಲ್ಪ. ಹೆಚ್ಚಿನವು ಮರದ ಉಸಿರು. ಸಾಗವಾನಿಯಲ್ಲಿ ಬರಿಗಣ್ಣಿಗೆ ಕಾಣುವಷ್ಟು ದೊಡ್ಡ ರಂಧ್ರಗಳಿವೆ, ಅವುಗಳ ತುಂಬ ಗಾಳಿ. ನೀವು ಬೆಳಗ್ಗೆ ಸುರಿದಿರಿ. ಹೊತ್ತೇರಿದಂತೆ ಕೋಣೆ ಬೆಚ್ಚಗಾಯಿತು, ರಂಧ್ರದ ಗಾಳಿ ಹಿಗ್ಗಿತು, ಇನ್ನೂ ದ್ರವವಾಗಿದ್ದ ರೆಸಿನ್ನಿನೊಳಕ್ಕೆ ಗುಳ್ಳೆಯಾಗಿ ನುಗ್ಗಿತು. ಇದೇ ಕೆಲಸವನ್ನು ಸಂಜೆ ನಾಲ್ಕರ ನಂತರ ಮಾಡಿದ್ದರೆ, ತಂಪಾಗುವ ಮರ ಗಾಳಿಯನ್ನು ಒಳಗೆಳೆದುಕೊಳ್ಳುತ್ತ ಅದರ ಜೊತೆ ರೆಸಿನ್ನನ್ನೂ ಸ್ವಲ್ಪ ಕುಡಿಯುತ್ತಿತ್ತು, ಹಿಡಿತವೂ ಗಟ್ಟಿಯಾಗುತ್ತಿತ್ತು. ಈ ಒಂದು ಬದಲಾವಣೆಯಿಂದ ನನ್ನ ಕೆಲಸದಲ್ಲಿ ಗುಳ್ಳೆಗಳು ಎಷ್ಟು ಕಡಿಮೆಯಾದವೆಂದರೆ ಈಗ ಬೆಳಗ್ಗೆ ಸುರಿಯಲು ಯಾರು ಅವಸರ ಮಾಡಿದರೂ ನಾನು ಒಪ್ಪುವುದಿಲ್ಲ. ಗ್ಯಾಸ್ ಜ್ವಾಲೆ ಮೇಲ್ಮೈಯ ಗುಳ್ಳೆ ಒಡೆಯುತ್ತದೆ ಎಂಬುದು ನಿಜ, ಅಗಲವಾದ ಮೇಜಿನ ಮೇಲೆ ಕ್ಷಣಮಾತ್ರ ಹಾಯಿಸಿದರೆ. ನಿಮ್ಮದು ಕಿರಿದಾದ, 18 ಮಿ.ಮೀ. ಆಳದ ಗೂಡುಗಳು. ಜ್ವಾಲೆ ಅಲ್ಲಿ ಮರವನ್ನೇ ಬಿಸಿ ಮಾಡಿ ಇನ್ನಷ್ಟು ಗಾಳಿ ಎಬ್ಬಿಸುತ್ತದೆ, ಅಂಚು ಕಪ್ಪಾಗುತ್ತದೆ, ಹಿಂದಿನ ಟೇಪು ಬಿಡುತ್ತದೆ. ಬೇಡ. ಗೂಡಿನೊಳಗೆ ಟೂತ್‌ಪಿಕ್ ಆಡಿಸಿ ಗುಳ್ಳೆ ಮೇಲೆತ್ತುವುದು ನಿಧಾನದ ಕೆಲಸ, ಆದರೆ ಇದಕ್ಕೆ ಅದೇ ಸರಿ.

ಬಣ್ಣ ಹರಿದದ್ದಕ್ಕೆ ಕಾರಣ ನಿಮ್ಮ ವಿನ್ಯಾಸದೊಳಗೇ ಇದೆ. ಹಲಗೆಯ ಎಳೆ ಮೇಲಿನಿಂದ ಕೆಳಕ್ಕೆ. ಗೋಪುರ ಎಂದರೆ ಮೆಟ್ಟಿಲು ಮೆಟ್ಟಿಲಾಗಿ ಏರುವ ಆಕಾರ. ಪ್ರತಿ ಮೆಟ್ಟಿಲಿನ ಅಡ್ಡ ಗೆರೆಯಲ್ಲಿ ಗರಗಸ ಎಳೆಯನ್ನು ಅಡ್ಡ ಕೊಯ್ದಿದೆ. ಅಲ್ಲಿ ನೂರಾರು ಕೊಳವೆಗಳ ಬಾಯಿ ತೆರೆದು ನಿಂತಿದೆ. ಕೆಂಪು ಗೆರೆಗಳು ಮೆಟ್ಟಿಲಿನ ಮೇಲೆ ಮತ್ತು ಕೆಳಗೆ ಮಾತ್ರ ಹರಿದಿವೆ, ಪಕ್ಕದ ಅಂಚುಗಳಲ್ಲಿ ಬಹುಮಟ್ಟಿಗೆ ಇಲ್ಲ, ಅಲ್ಲವೇ? ಒಮ್ಮೆ ನೋಡಿ. ಈ ಬಾಯಿಗಳನ್ನು ಮೊದಲೇ ಮುಚ್ಚಬೇಕಿತ್ತು. ಅದಕ್ಕೆ ಬಣ್ಣ ಬೆರೆಸದ ಅದೇ ರೆಸಿನ್ನನ್ನು ತೆಳ್ಳಗಿನ ಕುಂಚದಲ್ಲಿ ಕೊಯ್ದ ಗೋಡೆಗಳಿಗೆಲ್ಲ ಹಚ್ಚಿ, ಅದು ಬೆರಳಿಗೆ ತಾಗಿ ಎಳೆಯಾಗದೆ ಬಿಡುವ ಹಂತಕ್ಕೆ ಬರುವವರೆಗೆ ಕಾಯಬೇಕು. ಆ ಮೇಲೆ ಬಣ್ಣದ ರೆಸಿನ್. ಗುಳ್ಳೆಗೂ ಇದೇ ಮದ್ದು. ಕೆಲವರು ಅರಗಿನ ಪಾಲಿಶ್ ಹಚ್ಚುತ್ತಾರೆ. ಮೇಣ ತೆಗೆದ ಅರಗಾದರೆ ನಡೆಯುತ್ತದೆ, ಆದರೆ ದಿನವೂ ತೆರೆದು ಮುಚ್ಚುವ ಬಾಗಿಲಿಗೆ ರೆಸಿನ್ನಿನ ಪದರವೇ ಹೆಚ್ಚು ಹಿಡಿಯುತ್ತದೆ. ಸಾಗವಾನಿಯಲ್ಲಿ ತನ್ನದೇ ಎಣ್ಣೆ ಇರುವುದರಿಂದ ಹಚ್ಚುವ ಮೊದಲು ಅಸಿಟೋನ್ ಅದ್ದಿದ ಬಟ್ಟೆಯಿಂದ ಒರೆಸಿ ಆರಲು ಬಿಡಿ. ಅಸಿಟೋನ್ ಬಳಿ ದೀಪ, ಊದುಬತ್ತಿ, ಒಲೆ ಯಾವುದೂ ಇರಬಾರದು.

ಈಗ ಬಣ್ಣಗಳ ಮಾತು, ಇದರ ಬಗ್ಗೆ ನನಗೆ ತುಸು ಹೆಚ್ಚು ಹೇಳಬೇಕಿದೆ. ಅಕ್ರಿಲಿಕ್ ಬಣ್ಣದಲ್ಲಿ ನೀರಿದೆ. ಒಂದೆರಡು ಹನಿ ಸಹಿಸಿಕೊಂಡೀತು, ಹಸಿರು ಗಾಢವಾಗಲೆಂದು ಚಮಚದಷ್ಟು ಹಾಕಿದರೆ ರೆಸಿನ್ ಮಂಕಾಗಿ ಮೆತ್ತಗಾಗುತ್ತದೆ. ಕುಂಕುಮ ಇನ್ನೂ ಕಷ್ಟ. ಅರಿಸಿನಕ್ಕೆ ಸುಣ್ಣ ಸೇರಿಸಿ ಮಾಡಿದ ಸಾಂಪ್ರದಾಯಿಕ ಕುಂಕುಮದ ಕೆಂಪು ಬೆಳಕಿಗೆ ನಿಲ್ಲುವುದಿಲ್ಲ, ಅರಿಸಿನದ ಬಣ್ಣವೇ ಬಿಸಿಲಿಗೆ ಬೇಗ ಹಾರುವಂಥದ್ದು. ಅಂಗಡಿಯ ಹಲವು ಕುಂಕುಮಗಳಲ್ಲಿ ಕರಗುವ ಕೃತಕ ಬಣ್ಣ ಇರುತ್ತದೆ. ಕರಗುವ ಬಣ್ಣವೇ ನಿಮ್ಮ ಮೆಟ್ಟಿಲುಗಳ ಕೊಳವೆಗಳಲ್ಲಿ ಇಂಕಿನಂತೆ ಏರಿದ್ದು. ರೆಸಿನ್ನಿಗೆ ಬೇಕಾದದ್ದು ಕರಗದೆ ತೇಲುವ ಬಣ್ಣ: ಅಭ್ರಕದ ಪುಡಿ, ಎಪಾಕ್ಸಿಗೆಂದೇ ಬರುವ ಬಣ್ಣದ ಪೇಸ್ಟ್, ಕಾವಿಯಂಥ ಖನಿಜ ಬಣ್ಣಗಳ ಒಣ ಪುಡಿ. ಒಟ್ಟು ಮಿಶ್ರಣದ ತೂಕದಲ್ಲಿ ಶೇಕಡ ಐದನ್ನು ದಾಟಬಾರದು. ಮೊದಲು ರೆಸಿನ್ನಿಗೆ ಬಣ್ಣ ಬೆರೆಸಿ, ಆಮೇಲೆ ಹಾರ್ಡನರ್ ತೂಗಿ ಹಾಕಿದರೆ ಅವಸರವಿರುವುದಿಲ್ಲ.

ಬ್ಯಾಡಗಿ ಮೆಣಸಿನಕಾಯಿಯ ಆಸೆಯನ್ನು ನಾನು ಬಲ್ಲೆ. ನಾನೂ ಮಾಡಿ ನೋಡಿದ್ದೇನೆ. ಅದರಷ್ಟು ಚೆಲುವಾದ ಕೆಂಪು ನಮ್ಮ ಸೀಮೆಯಲ್ಲಿ ಇನ್ನೊಂದಿಲ್ಲ, ಅದರಿಂದ ತೆಗೆದ ಬಣ್ಣದ ಸಾರ ಆಹಾರ ಮತ್ತು ಸೌಂದರ್ಯವರ್ಧಕಗಳಿಗೆ ಹೋಗುತ್ತದೆ. ಆದರೆ ಆ ಸಾರ ಎಣ್ಣೆಯಲ್ಲಿ ಕರಗಿದ್ದು, ಎಣ್ಣೆ ರೆಸಿನ್ನನ್ನು ಮೆತ್ತಗೆ ಮಾಡುತ್ತದೆ. ಪುಡಿಯನ್ನೇ ಹಾಕಿದರೆ ತಳಕ್ಕಿಳಿದು ಇಟ್ಟಿಗೆಯ ಬಣ್ಣಕ್ಕೆ ತಿರುಗುತ್ತದೆ. ಎಲ್ಲಕ್ಕಿಂತ ಮುಖ್ಯವಾಗಿ, ಆ ಕೆಂಪಿಗೆ ಬೆಳಕು ಮತ್ತು ಬಿಸಿಯೇ ಶತ್ರು. ಬ್ಯಾಡಗಿಯ ಸುತ್ತ ಇಷ್ಟೊಂದು ಶೀತಲಗೃಹಗಳು ಎದ್ದಿರುವುದರ ಹಿಂದೆ ಆ ಬಣ್ಣ ಉಳಿಸಿಕೊಳ್ಳುವ ಕಾಳಜಿಯೂ ಇದೆ. ನಾನು ಮಾಡಿದ ಚೂರು ಕಿಟಕಿಯ ಬಳಿ ಒಂದು ಬೇಸಿಗೆ ಕಳೆಯುವಷ್ಟರಲ್ಲಿ ಕಂದಿತು. ಆ ಕೆಂಪೇ ಬೇಕಾದರೆ ಮೆಣಸಿನಕಾಯಿಯೊಂದನ್ನು ಮುಂದಿಟ್ಟುಕೊಂಡು, ಕೆಂಪು ಪೇಸ್ಟಿಗೆ ಕಾವಿಯನ್ನು ಚಿಟಿಕೆ ಚಿಟಿಕೆಯಾಗಿ ಸೇರಿಸುತ್ತ ಹೊಂದಿಸಿ. ಹತ್ತಿರ ಬರುತ್ತದೆ.

ನಿಮ್ಮ ತಂಗಿಯ ಮಾತನ್ನು ತಳ್ಳಿಹಾಕಬೇಡಿ. ಸರಿಯಾದ ಪ್ರಮಾಣದಲ್ಲಿ ಪೂರ್ತಿ ಗಟ್ಟಿಯಾದ ಎಪಾಕ್ಸಿ ಬಾಗಿಲಿನಲ್ಲಿ ಕುಳಿತು ಯಾರಿಗೂ ಕೇಡು ಮಾಡುವುದಿಲ್ಲ. ಅಪಾಯ ಇರುವುದು ಮಾಡುವವರಿಗೆ, ಅಂದರೆ ನಿಮಗೆ. ಹಸಿ ರೆಸಿನ್ ಮತ್ತು ಹಾರ್ಡನರ್ ಚರ್ಮಕ್ಕೆ ಮತ್ತೆಮತ್ತೆ ತಾಗಿದರೆ ಕೆಲವರಲ್ಲಿ ಅಲರ್ಜಿ ಹುಟ್ಟುತ್ತದೆ, ಒಮ್ಮೆ ಹುಟ್ಟಿದರೆ ಸಾಮಾನ್ಯವಾಗಿ ಜೀವನಪರ್ಯಂತ ಉಳಿಯುತ್ತದೆ. ನನ್ನೊಂದಿಗೆ ಕೆಲಸ ಮಾಡುತ್ತಿದ್ದ ಒಳ್ಳೆಯ ಕುಶಲಕರ್ಮಿಯೊಬ್ಬರು ಬರಿಗೈಯಲ್ಲಿ ಕಲಸುತ್ತ, ಕೈಯನ್ನು ಥಿನ್ನರ್‌ನಿಂದ ತೊಳೆಯುತ್ತ ಎರಡು ವರ್ಷ ಕಳೆದರು. ಈಗ ರೆಸಿನ್ ಡಬ್ಬಿ ತೆರೆದ ಕೋಣೆಗೆ ಬಂದರೆ ಸಾಕು, ಅವರ ಮೊಣಕೈವರೆಗೆ ದದ್ದು ಏಳುತ್ತದೆ. ಆಗ ನಾನು ಗಟ್ಟಿಯಾಗಿ ತಡೆಯಬೇಕಿತ್ತು. ನೈಟ್ರೈಲ್ ಕೈಗವಸು ಬಳಸಿ, ತೆಳು ಲೇಟೆಕ್ಸ್ ಸಾಲದು. ಚರ್ಮಕ್ಕೆ ತಾಗಿದರೆ ಸೋಪು ನೀರಿನಿಂದ ತೊಳೆಯಿರಿ. ಥಿನ್ನರ್ ಮತ್ತು ಅಸಿಟೋನ್ ಅದನ್ನು ಚರ್ಮದೊಳಕ್ಕೆ ಒಯ್ಯುತ್ತವೆ. ಕಿಟಕಿಗಳು ತೆರೆದಿರಲಿ, ಮೊಮ್ಮಗ ಆ ಕೋಣೆಯಲ್ಲಿ ಇರಕೂಡದು. ಉಜ್ಜುವಾಗ ಎನ್95 ಮುಖಗವಸು ಬೇಕೇ ಬೇಕು, ಬಟ್ಟೆ ಕಟ್ಟಿಕೊಂಡರೆ ಆಗದು. ರೆಸಿನ್ ದೂಳಿಗಾಗಿ ಮಾತ್ರ ಹೇಳುತ್ತಿಲ್ಲ. ಮರದ ದೂಳೇ ಮೂಗಿನ ಕ್ಯಾನ್ಸರ್‌ಗೆ ಕಾರಣವಾಗಬಲ್ಲದು ಎಂಬುದು ವೈದ್ಯಲೋಕದಲ್ಲಿ ಖಚಿತವಾದ ಸಂಗತಿ. ಸ್ಕ್ರೋಲ್ ಸಾ ಮುಂದೆ ಕುಳಿತಾಗಲೂ ಮುಖಗವಸು ಇರಲಿ. ಉಳಿದ ಮಿಶ್ರಣವನ್ನು ಲೋಟದಲ್ಲಿಯೇ ಬಿಡಬೇಡಿ, ರಾಶಿಯಾಗಿದ್ದರೆ ತಾನೇ ಕಾದು ಹೊಗೆಯಾಡುತ್ತದೆ. ಅಗಲವಾದ ಹಳೆಯ ತಟ್ಟೆಗೆ ತೆಳ್ಳಗೆ ಹರಡಿ ಹೊರಗಿಡಿ.

ಆದರೆ ತಂಗಿ ಹೇಳದ ಇನ್ನೊಂದು ಸಂಗತಿ ನನ್ನನ್ನು ಹೆಚ್ಚು ಕಾಡುತ್ತಿದೆ, ಅದು ದೀಪ. ಕೋಣೆಯ ಉಷ್ಣದಲ್ಲಿ ಗಟ್ಟಿಯಾದ ಸಾಮಾನ್ಯ ಎಪಾಕ್ಸಿ 50ರಿಂದ 60 ಡಿಗ್ರಿಯ ಆಸುಪಾಸಿನಲ್ಲಿ ಮೆತ್ತಗಾಗತೊಡಗುತ್ತದೆ. ಹಿಂದೊಮ್ಮೆ ಒಂದು ಮನೆಗೆ ನಾನೇ ಇಂಥ ಬಾಗಿಲು ಮಾಡಿಕೊಟ್ಟೆ. ಎಲ್ಲ ಜಾಲಂಧ್ರಗಳನ್ನೂ (ಜಾಲರಿಯ ತೂತುಗಳನ್ನೂ) ನೀಲಿ ರೆಸಿನ್ನಿನಿಂದ ತುಂಬಿದ್ದೆ. ನೋಡಿದವರೆಲ್ಲ ಮೆಚ್ಚಿದರು. ಕಾರ್ತಿಕದಲ್ಲಿ ಅವರು ನಂದಾದೀಪ ಹಚ್ಚಿ ಬಾಗಿಲು ಮುಂದೆ ಮಾಡುತ್ತಿದ್ದರು. ತಿಂಗಳು ತುಂಬುವುದರೊಳಗೆ ಮೇಲಿನ ಸಾಲಿನ ರೆಸಿನ್ ಉಬ್ಬಿ ಹೊರಗೆ ಬಂತು, ಒಳಬದಿ ಮಸಿಯಿಂದ ಕಪ್ಪಾಯಿತು. ಬಿಸಿ ಮೇಲಕ್ಕೇರುತ್ತದೆ, ಹೋಗಲು ದಾರಿ ಇಲ್ಲ, ದಾರಿಯನ್ನು ನಾನೇ ಮುಚ್ಚಿದ್ದೆ. ಗದಗಿನ ತ್ರಿಕೂಟೇಶ್ವರ ದೇವಾಲಯದ ಕಲ್ಲಿನ ಜಾಲಂಧ್ರಗಳನ್ನು ನೀವು ನೋಡಿರಬಹುದು. ಆ ತೂತುಗಳು ಬರೀ ಅಂದಕ್ಕಾಗಿ ಇರುವಂಥವಲ್ಲ, ಬೆಳಕು ಗಾಳಿಗಳು ಆಡುವುದೂ ಅವುಗಳಿಂದಲೇ. ಆ ಬಾಗಿಲನ್ನು ಬಿಚ್ಚಿ ತಂದ ಮೇಲೆ ನಾನು ಮಂಟಪದ ಬಾಗಿಲಿನ ಮೇಲ್ಭಾಗವನ್ನು ಎಂದೂ ತುಂಬಿಲ್ಲ.

ಹಾಗಾಗಿ ನಿಮಗೆ ನನ್ನ ಸಲಹೆ: ಮೇಲಿನ ಗೋಪುರಗಳನ್ನು ತೆರೆದೇ ಬಿಡಿ. ಕೆಳಗಿನ ತೇರನ್ನು ಮತ್ತು ಅಂಚಿನ ಸಾಲನ್ನು ಮಾತ್ರ ತುಂಬಿ. ಮೇಲಿನಿಂದ ಹೊಗೆ ಮತ್ತು ಬಿಸಿ ಹೋಗುತ್ತದೆ, ಕೆಳಗೆ ಬಣ್ಣ ತಂಪಾಗಿ ಉಳಿಯುತ್ತದೆ, ಒಳಗಿನ ದೀಪದ ಬೆಳಕು ಗೋಪುರದ ಆಕಾರದಲ್ಲಿ ಹೊರಗೆ ಬೀಳುತ್ತದೆ. ದೀಪ ಬಾಗಿಲಿನಿಂದ ಒಂದು ಅಡಿಯಾದರೂ ಒಳಗಿರಲಿ, ಉರಿಯುವಾಗ ಬಾಗಿಲು ತೆರೆದಿರಲಿ. ಎಲ್ಲವನ್ನೂ ತುಂಬಲೇಬೇಕು ಎಂದಾದರೆ ಒಳಗೆ ಎಣ್ಣೆದೀಪದ ಬದಲು ವಿದ್ಯುದ್ದೀಪ ಇಡಬೇಕಾಗುತ್ತದೆ. ಅದನ್ನು ಮಗಳೊಂದಿಗೆ ಮಾತಾಡಿ ನಿರ್ಧರಿಸಿ. ರೆಸಿನ್ ಬೇಡವೇ ಬೇಡ, ಆದರೆ ಬಣ್ಣ ಬೇಕು ಎಂದಾದರೆ ಮೈಸೂರಿನ ಇನ್‌ಲೇ ಕುಶಲಕರ್ಮಿಗಳಂತೆ ಬೇರೆ ಬಣ್ಣದ ಮರವನ್ನೇ ಕೂರಿಸಬಹುದು. ಐದಾರು ಮಿ.ಮೀ. ದಪ್ಪದ ಎರಡು ಮರಗಳನ್ನು ಒಂದರ ಮೇಲೊಂದು ಅಂಟಿಸಿ, ಯಂತ್ರದ ಮೇಜನ್ನು ಐದರಿಂದ ಎಂಟು ಡಿಗ್ರಿ ಓರೆ ಮಾಡಿ ಒಟ್ಟಿಗೆ ಕೊಯ್ದರೆ ಮೇಲಿನ ತುಣುಕು ಕೆಳಗಿನ ತೂತಿಗೆ ಬಿಗಿಯಾಗಿ ಕೂರುತ್ತದೆ. ನಿಮ್ಮ 18 ಮಿ.ಮೀ. ಹಲಗೆಗೆ ಈಗ ಅದು ಒಗ್ಗುವುದಿಲ್ಲ, ಮುಂದಿನ ಕೆಲಸಕ್ಕೆ ನೆನಪಿಡಿ.

ಈಗಿನ ರೆಸಿನ್ ಕೀಳುವುದು ಹೀಗೆ. ಹಿಂದಿನ ಟೇಪ್ ಬಿಚ್ಚಿ. ಹೇರ್ ಡ್ರೈಯರ್‌ನಿಂದ ಒಂದೊಂದೇ ಗೂಡನ್ನು ಬೆಚ್ಚಗೆ ಮಾಡಿ, ಸುಡುವಷ್ಟಲ್ಲ. ಅರೆಗಟ್ಟಿ ರೆಸಿನ್ ರಬ್ಬರಿನಂತಾಗುತ್ತದೆ. ಗೂಡಿಗಿಂತ ಸ್ವಲ್ಪ ಚಿಕ್ಕದಾದ ಮರದ ತುಂಡಿನಿಂದ ಹಿಂದಿನಿಂದ ಒತ್ತಿದರೆ ಇಡಿಯಾಗಿ ಹೊರಬರುತ್ತದೆ. ಮೂಲೆಯಲ್ಲಿ ಉಳಿದದ್ದನ್ನು ಚಿಕ್ಕ ಉಳಿಯಿಂದ ಕೆರೆಯಿರಿ. ಗೂಡುಗಳ ನಡುವೆ ಉಳಿದ ಮರದ ತೆಳು ಸೇತುವೆಗಳ ಕೆಳಗೆ ಬೆರಳು ಆನಿಸಿಕೊಂಡೇ ಒತ್ತಬೇಕು. ಇಲ್ಲಿ ಅವಸರ ಮಾಡಿದರೆ ಮರ ಮುರಿಯುತ್ತದೆ. ಗೋಡೆಗಳನ್ನು ಅಸಿಟೋನ್‌ನಿಂದ ಒರೆಸಿ, 120ರ ಉಜ್ಜುಕಾಗದವನ್ನು ಕಡ್ಡಿಗೆ ಸುತ್ತಿ ತಿಕ್ಕಿ. ಹರಿದ ಕೆಂಪು ಮೇಲ್ಮೈಯಲ್ಲಿ ಅರ್ಧ ಮಿ.ಮೀ. ಕೀಸಿದರೆ ಬಹಳಷ್ಟು ಹೋಗುತ್ತದೆ. ಎಳೆಯ ಉದ್ದಕ್ಕೂ ಆಳಕ್ಕಿಳಿದದ್ದು ಪೂರ್ತಿ ಹೋಗುವುದಿಲ್ಲ. ಅದನ್ನು ಬೆನ್ನಟ್ಟಿ ಹಲಗೆ ತೆಳ್ಳಗೆ ಮಾಡಬೇಡಿ. ಗೋಪುರದ ಗೆರೆಗೆ ಒಂದು ಕೂದಲೆಳೆ ಹೊರಗೆ ಹೊಸ ಗೆರೆ ಎಳೆದು ಸ್ಕ್ರೋಲ್ ಸಾನಲ್ಲಿ ಮತ್ತೊಮ್ಮೆ ಕೊಯ್ದರೆ ಉಳಿದ ಗೆರೆಯೂ ಮೋಟಾಗುತ್ತದೆ. ಸೇತುವೆಗಳು ನಾಲ್ಕು ಮಿ.ಮೀ.ಗಿಂತ ತೆಳುವಾಗಿದ್ದರೆ ಇದನ್ನು ಮಾಡಬೇಡಿ, ಕೆಂಪು ಛಾಯೆಯನ್ನು ಒಪ್ಪಿಕೊಂಡು ಇಡೀ ಹಲಗೆಗೆ ತುಸು ಗಾಢ ಪಾಲಿಶ್ ಕೊಡಿ.

ಮತ್ತೆ ತುಂಬುವಾಗ ಹಿಂದಿನ ಟೇಪಿನ ಬಗ್ಗೆ ಎಚ್ಚರ. ಕಸೂತಿಯ ಗವಂತಿ ಹೊಲಿಗೆ ಎರಡೂ ಬದಿಯಲ್ಲಿ ಒಂದೇ ರೀತಿ ಕಾಣುವಂತೆ ನಿಮ್ಮ ಬಾಗಿಲೂ ಕಾಣಬೇಕೆಂದಿದ್ದರೆ ಟೇಪಿನ ಬದಿ ಸೋರಬಾರದು. ಪ್ಯಾಕಿಂಗ್‌ಗೆ ಬಳಸುವ ಅಗಲ ಟೇಪಿಗೆ ಎಪಾಕ್ಸಿ ಹಿಡಿಯುವುದಿಲ್ಲ, ಅದನ್ನೇ ಬಳಸಿ ಬೆರಳುಗುರಿನಿಂದ ಪ್ರತಿ ಗೂಡಿನ ಸುತ್ತ ಒತ್ತಿ. ಅದರ ಕೆಳಗೆ ಸಮತಟ್ಟಾದ ಪ್ಲೈವುಡ್ ಇಟ್ಟು ಕ್ಲಾಂಪ್ ಹಾಕಿ. ಮೇಜಿಗೆ ಹಚ್ಚುವ ಬೇಗ ಗಟ್ಟಿಯಾಗುವ ರೆಸಿನ್ ಒಮ್ಮೆಗೆ 18 ಮಿ.ಮೀ. ಆಳಕ್ಕೆ ಮಾಡಿದ್ದಲ್ಲ. ಆಳಕ್ಕೆ ಸುರಿಯಲೆಂದೇ ಬರುವ ನೀರಾದ, ನಿಧಾನದ ರೆಸಿನ್ ಕೊಳ್ಳಿ, ಗುಳ್ಳೆಗಳಿಗೆ ಮೇಲೇರಲು ಸಮಯ ಸಿಗುತ್ತದೆ. ಇರುವುದನ್ನೇ ಬಳಸುವುದಾದರೆ ಆರು ಮಿ.ಮೀ.ಯಂತೆ ಮೂರು ಸಲ ಸುರಿಯಿರಿ. ಸೂಜಿಯಿಲ್ಲದ ಸಿರಿಂಜಿನಿಂದ ಗೂಡಿನ ಒಂದೇ ಮೂಲೆಯಲ್ಲಿ ಬಿಟ್ಟರೆ ಗಾಳಿ ಇನ್ನೊಂದು ಮೂಲೆಯಿಂದ ಹೊರಡುತ್ತದೆ. ಮೇಲೆ ಒಂದು ಮಿ.ಮೀ. ಉಬ್ಬುವಷ್ಟು ತುಂಬಿ, ಅದು ಸ್ವಲ್ಪ ಇಳಿಯುತ್ತದೆ. ಏಳು ದಿನ ಮುಟ್ಟಬೇಡಿ. ಆಮೇಲೆ ಉಬ್ಬನ್ನು ಮೊದಲು ಹರಿತ ಉಕ್ಕಿನ ಪಟ್ಟಿಯಿಂದ ಕೆರೆದು, ಕೊನೆಗಷ್ಟೇ ಉಜ್ಜುಕಾಗದ ಹಿಡಿಯಿರಿ, ಇಲ್ಲದಿದ್ದರೆ ಕೆಂಪು ದೂಳು ಸಾಗವಾನಿಯ ರಂಧ್ರಗಳಲ್ಲಿ ಕೂರುತ್ತದೆ.

ಗೋಪುರದಿಂದ ಕಳಚಿ ಬಿದ್ದ ಸಾಗವಾನಿ ಚೂರುಗಳನ್ನು ನೀವು ಎಸೆದಿರಲಾರಿರಿ, ಯಾರೂ ಎಸೆಯುವುದಿಲ್ಲ. ಅದೇ ಹಲಗೆಯ, ಅದೇ ಎಳೆಯ ಮರ ಅದು. ನಾಲ್ಕೈದು ಚೂರುಗಳಲ್ಲಿ ತೂತು ಕೊರೆದು, ಈ ವಾರವೇ ರೆಸಿನ್ ಮತ್ತು ಹಾರ್ಡನರ್ ತಕ್ಕಡಿಯಲ್ಲಿ ತೂಗಿ ಕಲಸಿ, ಒಂದಕ್ಕೆ ಗೋಡೆ ಮುಚ್ಚಿ ಇನ್ನೊಂದಕ್ಕೆ ಮುಚ್ಚದೆ, ಒಂದನ್ನು ಬೆಳಗ್ಗೆ ಇನ್ನೊಂದನ್ನು ಸಂಜೆ ತುಂಬಿ, ಮೇಲೆ ತಾರೀಖು ಬರೆದು ಮಗಳ ಮನೆಯ ಕಿಟಕಿಯ ಬಳಿ ಇಟ್ಟುಬಿಡಿ. ಸೆಪ್ಟೆಂಬರ್ ಹೊತ್ತಿಗೆ ಯಾವುದು ಗಟ್ಟಿ, ಯಾವುದು ಮಂಕು, ಯಾವ ಕೆಂಪು ಉಳಿಯಿತು ಎಂದು ಆ ಚೂರುಗಳನ್ನು ನೋಡಿಯೇ ತಿಳಿಯುತ್ತದೆ. ಆಗಲೂ ಅನುಮಾನ ಉಳಿದರೆ ಚೂರುಗಳ ಫೋಟೊ ಕಳುಹಿಸಿ, ಜೊತೆಗೆ ತೂಕ ಬರೆದ ಚೀಟಿಯದ್ದೂ ಇರಲಿ.